ಟೆಕ್ಸಾಸ್‌ನಲ್ಲಿ ಆತ್ಮರಕ್ಷಣೆಗೆ ಪಿಸ್ತೂಲೋ, ಪೆಪ್ಪರ್ ಸ್ಪ್ರೇಯೋ?

ರಾತ್ರಿ ಪಾಳಿ ಮುಗಿಸಿ ಒಬ್ಬರೇ ಕಾರಿನ ತನಕ ನಡೆಯಬೇಕು, ಏನು ಇಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ಮೊದಲು ವೀಸಾ ನೋಡಿಕೊಳ್ಳಿ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಸ್ಪ್ರೇ ಅಗ್ಗ. ಪಿಸ್ತೂಲಿಗೆ ನೂರಾರು ಡಾಲರ್, ಮೇಲೆ ಗುಂಡು, ಹೋಲ್ಸ್ಟರ್ (ಪಿಸ್ತೂಲು ಇಡುವ ಚೀಲ), ಬೀಗದ ಪೆಟ್ಟಿಗೆ.

ಕಲಿಕೆಯೇ ದೊಡ್ಡ ವಿಷಯ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ 21 ದಾಟಿದ ಬಹುತೇಕರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ಲೈಸೆನ್ಸ್ ತರಗತಿಗೆ ಹೋಗಿ. ಯಾವಾಗ ಗುಂಡು ಹಾರಿಸಬಹುದು, ಯಾವಾಗ ಹಾರಿಸಬಾರದು ಅಂತ ಅಲ್ಲಿ ಹೇಳಿಕೊಡುತ್ತಾರೆ. ಗುರಿ ಪರೀಕ್ಷೆಯೂ ಇದೆ. ಆಮೇಲೂ ಅಭ್ಯಾಸ ಬಿಡಬಾರದು. ಭಯದಲ್ಲಿ ಕೈ ನಡುಗುತ್ತೆ, ಅಲ್ವಾ? ಹಾರಿದ ಗುಂಡನ್ನು ವಾಪಸ್ ಕರೆಯಲಾಗದು. ಸ್ಪ್ರೇ ತಪ್ಪಿದರೆ ಕಣ್ಣುರಿ ಅಷ್ಟೆ. ಆದರೆ ಎದುರುಗಾಳಿಯಲ್ಲಿ ನಿಮಗೇ ಬಡಿಯಬಹುದು, ಅವಧಿಯೂ ಮುಗಿಯುತ್ತದೆ. ಎದುರಿನವನ ಕೈಯಲ್ಲಿ ಬಂದೂಕಿದ್ದರೆ ಸ್ಪ್ರೇ ಸಾಲದು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಅಥವಾ ಯಾರಾದರೂ ಖಿನ್ನತೆಯಲ್ಲಿದ್ದರೆ, ನಾನು ಸ್ಪ್ರೇ ಕಡೆಗೇ ವಾಲುತ್ತೇನೆ. ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ನಿಮ್ಮನ್ನೇ ಗುರಿಯಾಗಿಸಿ ಯಾರಾದರೂ ಬೆದರಿಸುತ್ತಿದ್ದರೆ, ಪೊಲೀಸರು ಬರುವುದು ತಡವಾಗುವ ಊರಾಚೆ ಇದ್ದರೆ, ತಿಂಗಳಿಗೊಮ್ಮೆಯಾದರೂ ಅಭ್ಯಾಸಕ್ಕೆ ಹೋಗುವ ಮನಸ್ಸಿದ್ದರೆ, ಪಿಸ್ತೂಲಿನ ಬಗ್ಗೆ ಯೋಚಿಸಬಹುದು.