ಬೆರಕೆ ಮೆಶ್ ಮೇಲೆ ಅಂಚಿನ ಮೌಲ್ಯ ಹಾಕೋದು: ಡೀಲ್ ಟೂ ಬಗ್ಗೆ ನನ್ನ ಅಭಿಪ್ರಾಯ

ತ್ರಿಕೋನ, ಚತುರ್ಭುಜ ಎರಡೂ ಇರುವ ಮೆಶ್ (ಲೆಕ್ಕಕ್ಕಾಗಿ ಆಕಾರವನ್ನು ಸೆಲ್ ಅನ್ನುವ ಸಣ್ಣ ತುಂಡುಗಳಾಗಿ ಒಡೆದ ಜಾಲ) ಮೇಲೆ ಡಿರಿಕ್ಲೆ ಕಂಡೀಶನ್, ಅಂದರೆ ಅಂಚಿನಲ್ಲಿ ಉತ್ತರ ಇಷ್ಟೇ ಇರಬೇಕು ಅನ್ನುವ ಷರತ್ತು, ಹಾಕಬೇಕು, ಡೀಲ್ ಟೂ ಬಳಸಬಹುದಾ? 2ಡಿಯಲ್ಲಾದರೆ ಧೈರ್ಯವಾಗಿ ಬಳಸಿ. 3ಡಿಯಲ್ಲಿ ವೆಜ್ (ತ್ರಿಕೋನ ಪ್ರಿಸಮ್ ಆಕಾರದ ಸೆಲ್), ಪಿರಮಿಡ್ ಬಂದರೆ ಸ್ವಲ್ಪ ಕೈಕೆಲಸ ಇದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಡೀಲ್ ಟೂ ಅಂದರೆ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಸಮೀಕರಣ ಬಿಡಿಸುವ ಸಿ ಪ್ಲಸ್ ಪ್ಲಸ್ ಲೈಬ್ರರಿ. ಹಳೆಯದು, ಗಟ್ಟಿಯಾದದ್ದು, 2007ರಲ್ಲಿ ವಿಲ್ಕಿನ್ಸನ್ ಪ್ರಶಸ್ತಿ ಪಡೆದದ್ದು. ಆದರೆ ತುಂಬಾ ವರ್ಷ ಇದಕ್ಕೆ ಗೊತ್ತಿದ್ದದ್ದು ಚತುರ್ಭುಜ ಮತ್ತು ಹೆಕ್ಸ್ (ಆರು ಮುಖದ ಪೆಟ್ಟಿಗೆ ಆಕಾರ) ಮಾತ್ರ. ತ್ರಿಕೋನ, ಟೆಟ್ (ನಾಲ್ಕು ಮುಖದ ಆಕಾರ), ವೆಜ್, ಪಿರಮಿಡ್ ಎಲ್ಲ ಪ್ರಾಯೋಗಿಕವಾಗಿ ಬಂದದ್ದು 2021ರ 9.3 ಆವೃತ್ತಿಯಲ್ಲಿ. ಈ ಹಿನ್ನೆಲೆ ಗೊತ್ತಿದ್ದರೆ ಮುಂದಿನ ಅರ್ಧ ಗೊಂದಲ ತಾನಾಗಿಯೇ ಕಡಿಮೆಯಾಗುತ್ತದೆ, ಏಕೆಂದರೆ ಹಳೆಯ ಉದಾಹರಣೆಗಳೆಲ್ಲ ಒಂದೇ ಆಕಾರದ ಸೆಲ್ ಅಂತ ನಂಬಿ ಬರೆದವು. ಅವನ್ನು ಹಾಗೇ ತಂದು ಬೆರಕೆ ಮೆಶ್‌ಗೆ ಅಂಟಿಸಿದರೆ ನಡೆಯುವುದಿಲ್ಲ.

ಬೆರಕೆ ಮೆಶ್ ಏನೂ ಅಪರೂಪವಲ್ಲ. ಮೆಶ್ ಮಾಡುವ ಜಿಮೆಶ್ ತಂತ್ರಾಂಶದಲ್ಲಿ ರೀಕಂಬೈನ್ (ತ್ರಿಕೋನಗಳನ್ನು ಜೋಡಿಸುವ ಆಯ್ಕೆ) ಕೊಟ್ಟು ಚತುರ್ಭುಜ ಕೇಳಿದರೂ ಮೂಲೆಯಲ್ಲೋ ನಡುವಲ್ಲೋ ಕೆಲವು ತ್ರಿಕೋನ ಉಳಿದುಬಿಡುತ್ತವೆ. ಗೋಡೆಯ ಪಕ್ಕ ಪದರ ಪದರವಾಗಿ ಮೆಶ್ ಎಳೆದರೆ ವೆಜ್ ಬರುತ್ತದೆ. ಹೆಕ್ಸ್ ಭಾಗವನ್ನೂ ಟೆಟ್ ಭಾಗವನ್ನೂ ಸೇರಿಸಬೇಕಾದರೆ ನಡುವೆ ಪಿರಮಿಡ್ ಬೇಕು. ಅಂದಹಾಗೆ, ಜಿಮೆಶ್‌ನಲ್ಲಿ ಫಿಸಿಕಲ್ ಗ್ರೂಪ್ (ಹೆಸರು ಅಥವಾ ನಂಬರ್ ಕೊಟ್ಟ ಭಾಗಗಳ ಗುಂಪು) ಮಾಡಿದ ಮೇಲೆ ಅದು ಆ ಗ್ರೂಪ್‌ಗಳಲ್ಲಿ ಇರುವುದನ್ನು ಮಾತ್ರ ಫೈಲ್‌ಗೆ ಬರೆಯುತ್ತದೆ. ಅಂಚಿಗೆ ಗ್ರೂಪ್ ಕೊಟ್ಟು ಒಳಭಾಗಕ್ಕೆ ಕೊಡದಿದ್ದರೆ ಸೆಲ್‌ಗಳೇ ಬರುವುದಿಲ್ಲ. ಅಂಚಿಗೆ ಕೊಡದಿದ್ದರೆ ಡೀಲ್ ಟೂ ಇಡೀ ಅಂಚನ್ನು 0 ಅಂತ ಗುರುತಿಸುತ್ತದೆ. ಆಮೇಲೆ ನೀವು 2ನೇ ನಂಬರಿನ ಅಂಚಿಗೆ ಅಂತ ಬರೆದ ಕಂಡೀಶನ್ ಎಲ್ಲೂ ಹತ್ತುವುದಿಲ್ಲ.

ಈಗ ಮುಖ್ಯ ವಿಷಯ. ಅಂಚಿನ ಮೌಲ್ಯ ಹಾಕುವ ಫಂಕ್ಷನ್ ಹೆಸರು ಇಂಟರ್‌ಪೊಲೇಟ್ ಬೌಂಡರಿ ವ್ಯಾಲ್ಯೂಸ್. ಮ್ಯಾಪಿಂಗ್ (ಮಾದರಿ ಸೆಲ್ ಅನ್ನು ಮೆಶ್‌ನ ನಿಜವಾದ ಸೆಲ್‌ಗೆ ಹೊಂದಿಸುವ ಸೂತ್ರ) ಕೊಡದೆ ಕರೆದರೆ ಅದು ಮೆಶ್ ನೋಡಿ ತಾನೇ ಒಂದು ಲೀನಿಯರ್ ಮ್ಯಾಪಿಂಗ್ ಆರಿಸಿಕೊಳ್ಳುತ್ತದೆ. ಎಲ್ಲಾ ಸೆಲ್ ಒಂದೇ ಬಗೆಯಾದರೆ ಸರಿ. ಬೆರಕೆಯಾದರೆ ಒಂದೇ ಮ್ಯಾಪಿಂಗ್ ಎಲ್ಲದಕ್ಕೂ ಹೊಂದುವುದಿಲ್ಲ, ಹಾಗಾಗಿ ಡೀಬಗ್ ಮೋಡ್‌ನಲ್ಲಿ (ತಪ್ಪು ಹುಡುಕಲು ಕಂಪೈಲ್ ಮಾಡಿದ ರೂಪದಲ್ಲಿ) ಎರರ್ ಕೊಟ್ಟು ನಿಲ್ಲುತ್ತದೆ. ಇದನ್ನು ಕೆಲವರು ಕೊರತೆ ಅನ್ನುತ್ತಾರೆ, ನನಗೆ ಇದು ಈ ಲೈಬ್ರರಿಯ ದೊಡ್ಡ ಗುಣ. ಸುಮ್ನೆ ಏನೋ ಊಹಿಸಿ ತಪ್ಪು ಜಾಗದಲ್ಲಿ ಮೌಲ್ಯ ಕೂರಿಸುವುದಕ್ಕಿಂತ ನಿಲ್ಲುವುದೇ ಒಳ್ಳೆಯದು, ಅಲ್ವಾ?

ಸರಿಯಾದ ದಾರಿ ಹೀಗೆ. ತ್ರಿಕೋನಕ್ಕೊಂದು ಎಲಿಮೆಂಟ್ (ಸೆಲ್ ಒಳಗೆ ಉತ್ತರವನ್ನು ವಿವರಿಸುವ ಫಂಕ್ಷನ್‌ಗಳು), ಚತುರ್ಭುಜಕ್ಕೊಂದು ಎಲಿಮೆಂಟ್ ಹಾಕಿ ಕಲೆಕ್ಷನ್ ಅನ್ನುವ ಪಟ್ಟಿ ಮಾಡಿ. ಮ್ಯಾಪಿಂಗ್‌ಗೂ ಕ್ವಾಡ್ರೇಚರ್‌ಗೂ (ಇಂಟಿಗ್ರೇಟ್ ಮಾಡುವ ಸೂತ್ರ) ಹಾಗೆಯೇ. ಮೂರರಲ್ಲೂ ಕ್ರಮ ಒಂದೇ ಇರಬೇಕು: ಎಲಿಮೆಂಟ್ ಕಲೆಕ್ಷನ್‌ನಲ್ಲಿ ತ್ರಿಕೋನ 0 ಆದರೆ ಉಳಿದ ಎರಡರಲ್ಲೂ ತ್ರಿಕೋನ 0. ಡಾಫ್ (ಲೆಕ್ಕ ಹಾಕಿ ತಿಳಿಯಬೇಕಾದ ಮೌಲ್ಯಗಳು) ಹಂಚುವ ಮೊದಲು ಪ್ರತಿ ಸೆಲ್‌ನ ರೆಫರೆನ್ಸ್ ಸೆಲ್ (ಮಾದರಿ ಆಕಾರ) ಯಾವುದು ಅಂತ ಕೇಳಿ ಅದಕ್ಕೆ ತಕ್ಕ ಆಕ್ಟಿವ್ ಎಫ್ಇ ಇಂಡೆಕ್ಸ್ (ಕಲೆಕ್ಷನ್‌ನಲ್ಲಿ ಯಾವ ಎಲಿಮೆಂಟ್ ಅನ್ನುವ ನಂಬರ್) ಇಡಿ. ಇಡದಿದ್ದರೆ ಎಲ್ಲವೂ 0. ಕೊನೆಗೆ ಮ್ಯಾಪಿಂಗ್ ಕಲೆಕ್ಷನ್ ತೆಗೆದುಕೊಳ್ಳುವ ಇಂಟರ್‌ಪೊಲೇಟ್ ರೂಪವನ್ನೇ ಕರೆಯಿರಿ. ಇಷ್ಟನ್ನೂ ಡೀಬಗ್ ಮೋಡ್‌ನಲ್ಲಿ ಓಡಿಸಿ ನೋಡಿ, ಏಕೆಂದರೆ ಲೈಬ್ರರಿಯ ಒಳಗಿನ ಅಸರ್ಟ್‌ಗಳು (ತಪ್ಪು ಹಿಡಿಯುವ ತಪಾಸಣೆಗಳು) ರಿಲೀಸ್ ಮೋಡ್‌ನಲ್ಲಿ ಇರುವುದಿಲ್ಲ. ಅವು ಬರೆಯುವ ಮೆಸೇಜ್ ಉದ್ದ, ಆದರೆ ಓದಿದರೆ ಕಾರಣ ಅಲ್ಲೇ ಇರುತ್ತದೆ.

ಎರಡು ಅಂಚು ಸೇರುವ ಮೂಲೆಯ ನೋಡ್‌ಗೆ (ಮೌಲ್ಯ ಕೂರುವ ಬಿಂದು) ಯಾವ ಮೌಲ್ಯ ಅನ್ನುವುದೂ ಗೊತ್ತಿರಲಿ. ಮ್ಯಾಪ್‌ಗೆ (ಡಾಫ್ ನಂಬರ್, ಮೌಲ್ಯ ಜೋಡಿಗಳ ಪಟ್ಟಿ) ತುಂಬುವ ಇಂಟರ್‌ಪೊಲೇಟ್ ರೂಪದಲ್ಲಿ ಆಮೇಲೆ ಬಂದದ್ದು ಹಿಂದಿನದನ್ನು ಅಳಿಸುತ್ತದೆ. ಅಫೈನ್ ಕನ್‌ಸ್ಟ್ರೇಂಟ್ಸ್‌ಗೆ (ಡಾಫ್‌ಗಳ ಮೇಲಿನ ಷರತ್ತುಗಳನ್ನು ಇಡುವ ಆಬ್ಜೆಕ್ಟ್) ತುಂಬುವ ರೂಪದಲ್ಲಿ ಮೊದಲು ಬಂದದ್ದೇ ಉಳಿಯುತ್ತದೆ. ಒಂದೇ ಹೆಸರು, ತದ್ವಿರುದ್ಧ ನಡವಳಿಕೆ! ದ್ರವ ಒಳಬರುವ ಇನ್‌ಲೆಟ್ ಗೋಡೆಗೆ ತಾಗುವ ಕಡೆ ವೇಗ 0 ಆಗಬೇಕಾ ಬೇಡವಾ ಅನ್ನುವುದು ನೀವು ಕರೆಯುವ ಕ್ರಮದ ಮೇಲೆ ನಿಂತಿದೆ. ಇದನ್ನು ಡಾಕ್ಯುಮೆಂಟೇಶನ್‌ನಲ್ಲಿ ಇನ್ನೂ ಎದ್ದು ಕಾಣುವ ಹಾಗೆ ಬರೆಯಬೇಕಿತ್ತು ಅನ್ನುವುದು ನನ್ನ ದೂರು.

ಎಲಿಮೆಂಟ್‌ನ ಪಾಲಿನಾಮಿಯಲ್ ಡಿಗ್ರಿ ಜಾಸ್ತಿ ಮಾಡುವಾಗ ಇನ್ನೊಂದು ಎಚ್ಚರ. ಎಡ್ಜ್ ಮೇಲಿನ ನೋಡ್‌ಗಳು 1ನೇ ಡಿಗ್ರಿಯಲ್ಲಿ ಎರಡು ತುದಿ, 2ನೇ ಡಿಗ್ರಿಯಲ್ಲಿ ಜೊತೆಗೆ ಒಂದು ಮಧ್ಯ, ಅಷ್ಟೇ. ತ್ರಿಕೋನವಾದರೂ ಚತುರ್ಭುಜವಾದರೂ ಒಂದೇ ಜಾಗ. 3ನೇ ಡಿಗ್ರಿಯಿಂದ ಹಾಗಲ್ಲ. ಡೀಲ್ ಟೂನ ಚತುರ್ಭುಜ ಎಲಿಮೆಂಟ್ ಗೌಸ್-ಲೊಬಾಟೊ ಬಿಂದುಗಳನ್ನು ಬಳಸುತ್ತದೆ, ಅಂದರೆ 0ಯಿಂದ 1ರ ಎಡ್ಜ್ ಮೇಲೆ ಮೊದಲ ಒಳ ನೋಡ್ ಸುಮಾರು 0.276ರಲ್ಲಿ. ಸಮಾನ ಅಂತರದ ತ್ರಿಕೋನ ಎಲಿಮೆಂಟ್‌ನಲ್ಲಿ ಅದು 0.333ರಲ್ಲಿ. ಪಕ್ಕಪಕ್ಕದ ಎರಡು ಸೆಲ್‌ಗಳು ಒಂದೇ ಎಡ್ಜ್ ಹಂಚಿಕೊಂಡರೂ ನೋಡ್ ಕೂಡುವುದಿಲ್ಲ. ಯಾವ ಲೈಬ್ರರಿಯಾದರೂ ಈ ಪ್ರಶ್ನೆ ಮೊದಲು ಕೇಳಿಕೊಳ್ಳಿ.

ಈ ವಿಷಯದಲ್ಲಿ ಎಂಫೆಮ್ ಅನ್ನುವ ಇನ್ನೊಂದು ಫೈನೈಟ್ ಎಲಿಮೆಂಟ್ ಲೈಬ್ರರಿ ಸಲೀಸು, ಮೆಚ್ಚಲೇಬೇಕು. ಅಲ್ಲಿ ಎಚ್1 ಕಲೆಕ್ಷನ್ ಅಂತ ಒಂದೇ ಆಬ್ಜೆಕ್ಟ್ ಎಲ್ಲಾ ಆಕಾರಕ್ಕೂ ಸಾಕು, ಎಡ್ಜ್ ನೋಡ್‌ಗಳನ್ನು ಅದೇ ಹೊಂದಿಸುತ್ತದೆ. ಅಂಚಿನ ಆಟ್ರಿಬ್ಯೂಟ್‌ಗಳಿಗೆ (ಅಂಚಿನ ಭಾಗಗಳ ನಂಬರ್) ಗುರುತು ಹಾಕಿ ಎಸೆನ್ಶಿಯಲ್ ಡಾಫ್ (ಡಿರಿಕ್ಲೆ ಮೌಲ್ಯ ಬೀಳುವ ಡಾಫ್) ಕೇಳಿದರೆ ಪಟ್ಟಿ ಸಿಗುತ್ತದೆ. ಅಲ್ಲಿ ಆಟ್ರಿಬ್ಯೂಟ್ ಎಣಿಕೆ 1ರಿಂದ ಶುರು ಅನ್ನುವುದು ಮಾತ್ರ ನೆನಪಿರಲಿ. ಬರೀ ಬೇಗ ಉತ್ತರ ಬೇಕಿದ್ದವರಿಗೆ ನಾನು ಅದನ್ನೇ ಹೇಳುತ್ತೇನೆ. ಯಾವ ಸೆಲ್‌ಗೆ ಏನು ಹೋಗುತ್ತಿದೆ ಅನ್ನುವ ಹಿಡಿತ ಬೇಕಿದ್ದವರಿಗೆ, ಡೀಲ್ ಟೂ.

ಯಾವುದನ್ನೇ ಆರಿಸಿ, ಒಂದು ಪರೀಕ್ಷೆ ಬಿಡಬೇಡಿ. 2ಡಿ ಬೆರಕೆ ಮೆಶ್ ಮೇಲೆ ಲಾಪ್ಲಾಸ್ ಸಮೀಕರಣ ಇಡಿ, ಇಡೀ ಅಂಚಿಗೆ ಎಕ್ಸ್ ಪ್ಲಸ್ 2 ವೈ ಅನ್ನುವ ಸರಳ ಫಂಕ್ಷನ್ ಹಾಕಿ. ಸಾಲ್ವರ್ ಟಾಲರೆನ್ಸ್ ಬಿಗಿಯಾಗಿದ್ದರೆ ಉತ್ತರ ಒಳಗೆಲ್ಲ ಅದೇ ಫಂಕ್ಷನ್ ಆಗಿರಬೇಕು, ರೌಂಡ್ ಆಫ್ ದೋಷ ಬಿಟ್ಟು ಏನೂ ಇರಬಾರದು. ಎಲ್ಲೋ ಒಂದು ನೋಡ್‌ಗೆ ಮೌಲ್ಯ ಹತ್ತಿಲ್ಲ ಅಂದರೆ ತಪ್ಪಿನ ಚಿತ್ರ ಆ ನೋಡ್‌ನ ಸುತ್ತಲೇ ದೊಡ್ಡದಾಗಿ ಕಾಣುತ್ತದೆ, ಹುಡುಕುವ ಕಷ್ಟವೇ ಇಲ್ಲ.

3ಡಿಗೆ ಬಂದರೆ ಕಥೆ ಬೇರೆ. ಟೆಟ್‌ನ ನಾಲ್ಕೂ ಮುಖ ತ್ರಿಕೋನ, ಹೆಕ್ಸ್‌ನ ಆರೂ ಮುಖ ಚತುರ್ಭುಜ. ವೆಜ್‌ನಲ್ಲಿ ಎರಡು ತ್ರಿಕೋನ, ಮೂರು ಚತುರ್ಭುಜ. ಪಿರಮಿಡ್‌ನಲ್ಲಿ ಒಂದು ಚತುರ್ಭುಜ, ನಾಲ್ಕು ತ್ರಿಕೋನ. ಹಾಗಾಗಿ ಒಂದೇ ಸೆಲ್‌ನಲ್ಲೂ ಮುಖಕ್ಕೆ ತಕ್ಕ ಹಾಗೆ ಡಾಫ್ ಸಂಖ್ಯೆ ಬದಲಾಗುತ್ತದೆ. ಡೀಲ್ ಟೂನಲ್ಲಿ ಪ್ರತಿ ಮುಖದ ಡಾಫ್ ಎಷ್ಟು ಅಂತ ಕೇಳುವ ಫಂಕ್ಷನ್‌ಗೆ ಮುಖದ ನಂಬರನ್ನೂ ಕೊಡುವುದು ಇದಕ್ಕೇ. ಅದನ್ನು ಸ್ಥಿರ ಸಂಖ್ಯೆ ಅಂತ ಹಿಡಿದು ಬರೆದ ಹಳೆಯ ಕೋಡ್ ಇದ್ದರೆ ಮೊದಲು ಅದನ್ನು ತಿದ್ದಿ. ನಾಯ್ಮನ್ ಕಂಡೀಶನ್‌ಗೆ (ಅಂಚಿನಲ್ಲಿ ಉತ್ತರದ ಇಳಿಜಾರನ್ನು ಕೊಡುವ ಷರತ್ತು) ಮುಖದ ಮೇಲೆ ಇಂಟಿಗ್ರೇಟ್ ಮಾಡುವಾಗ ವೆಜ್‌ಗೆ ತ್ರಿಕೋನದ ಕ್ವಾಡ್ರೇಚರ್, ಚತುರ್ಭುಜದ ಕ್ವಾಡ್ರೇಚರ್ ಎರಡೂ ಇರುವ ಕಲೆಕ್ಷನ್ ಕೊಡಬೇಕು. ವೆಜ್ ಮುಖಗಳಲ್ಲಿ 0 ಮತ್ತು 1 ತ್ರಿಕೋನ, 2ರಿಂದ 4 ಚತುರ್ಭುಜ. ಪಿರಮಿಡ್‌ನಲ್ಲಿ 0 ಚತುರ್ಭುಜ, ಉಳಿದವು ತ್ರಿಕೋನ. ಕಲೆಕ್ಷನ್‌ನ ಕ್ರಮವನ್ನೂ ಅದಕ್ಕೆ ಸರಿಯಾಗಿ ಇಡಿ.