ಸಿಎ ಮೆಂಬರ್‌ಶಿಪ್, ಸಿಒಪಿ, ಎಸಿಸಿಎ, ಊರಿನ ಸಂಘ: ನಾನು ಕಟ್ಟಿದ ಫೀಸುಗಳ ಲೆಕ್ಕ

"ಸರ್, ವರ್ಷಾ ವರ್ಷಾ ಇಷ್ಟು ಕಟ್ತೀವಲ್ಲ, ನಮಗೆ ಸಿಗೋದೇನು?" ಏಪ್ರಿಲ್ ಬಂತೆಂದರೆ ಯಾರಾದರೂ ಕಿರಿಯ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಫೋನ್ ಮಾಡಿ ಇದನ್ನು ಕೇಳುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗಲೂ ಫೀಸು ಕಟ್ಟಿದ್ದೇನೆ, ಈಗ ಹಾವೇರಿಯಲ್ಲಿ ಸ್ವಂತ ಆಫೀಸ್ ಇಟ್ಟುಕೊಂಡೂ ಕಟ್ಟುತ್ತಿದ್ದೇನೆ. ನಡುವೆ ಕೆಲವು ವರ್ಷ ಲಂಡನ್ನಿನ ಲೆಕ್ಕಪರಿಶೋಧಕರ ಸಂಸ್ಥೆ ಎಸಿಸಿಎಗೂ ಕಟ್ಟಿದೆ. ಊರಿನ ತೆರಿಗೆ ಸಲಹೆಗಾರರ ಸಂಘದ ಚಂದಾ ಬೇರೆ. ಹಾಗಾಗಿ ಒಂದೊಂದರ ಬಗ್ಗೆಯೂ ನನ್ನ ಅನುಭವ ಹೇಳುತ್ತೇನೆ.

ಮೊದಲು ಕೆಲಸದಲ್ಲಿದ್ದ ದಿನಗಳು. ಆಗ ನಾನು ಅಸೋಸಿಯೇಟ್, ಅಂದರೆ ಮೊದಲ ಹಂತದ ಸದಸ್ಯ; ಸ್ವಂತ ಪ್ರಾಕ್ಟೀಸಿಗೆ ಬೇಕಾದ ಸರ್ಟಿಫಿಕೇಟ್ (ಸಿಒಪಿ) ಇರಲಿಲ್ಲ. ಸಿಎಗಳ ಸಂಸ್ಥೆಯಾದ ಇನ್‌ಸ್ಟಿಟ್ಯೂಟಿನ ಫೀಸು 1,500 ರೂಪಾಯಿ, ಜಿಎಸ್‌ಟಿ ಸೇರಿ 1,770. ಅದಕ್ಕೆ ಹೆಸರಿನ ಮುಂದೆ ಸಿಎ ಎಂದು ಬರೆದುಕೊಳ್ಳಬಹುದು, ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಬಹುದು, ತಿಂಗಳಿಗೊಮ್ಮೆ ಪತ್ರಿಕೆ ಸಿಗುತ್ತದೆ. ಇಷ್ಟೇನಾ ಅಂತ ಆಗ ಅನ್ನಿಸಿತ್ತು. ಆದರೆ ನನ್ನ ಸಂಬಳ ನಿಂತಿದ್ದೇ ಆ ಎರಡು ಅಕ್ಷರದ ಮೇಲೆ. ಒಂದೇ ಬೇಜಾರು ಅಂದರೆ, ಸಂಬಳದವರಿಗೆ ಈ ಫೀಸನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಕಂಪನಿಯೇ ಕೊಟ್ಟರೆ ಉಳಿಯಿತು. ಕೇಳಿ ನೋಡಿ, ಎಷ್ಟೋ ಕಡೆ ಕೊಡುತ್ತಾರೆ. ನಾನು ಮೂರು ವರ್ಷ ಕೇಳಲೇ ಇಲ್ಲ.

ಹಾವೇರಿಗೆ ಬಂದ ಮೇಲೆ ಸಿಒಪಿ ತೆಗೆದುಕೊಂಡೆ. ಫೆಲೋ (ಮೇಲಿನ ಹಂತದ ಸದಸ್ಯ) ಆದ ಮೇಲೆ ಮೆಂಬರ್‌ಶಿಪ್ 3,000, ಸಿಒಪಿ 4,000, ಜಿಎಸ್‌ಟಿ ಸೇರಿ ನಾನು ಕಟ್ಟಿದ್ದು 8,260 ರೂಪಾಯಿ. ಮೊದಲಿನದಕ್ಕೆ ಹೋಲಿಸಿದರೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಆದರೆ ಇದು ಸಹಿಯ ಬೆಲೆ. 2019ರಿಂದ ನಾವು ಕೊಡುವ ಪ್ರತಿ ಸರ್ಟಿಫಿಕೇಟಿಗೂ, ಆಡಿಟ್ ರಿಪೋರ್ಟಿಗೂ ಅಕ್ಷರ, ಅಂಕಿ ಸೇರಿ 18 ಸ್ಥಾನಗಳ ಗುರುತಿನ ನಂಬರ್, ಅಂದರೆ ಯುಡಿಐಎನ್ ಬೇಕು. ಸಿಒಪಿ ಇಲ್ಲದೆ ಅದು ಹುಟ್ಟುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಟ್ಯಾಕ್ಸ್ ಆಡಿಟ್, ಮಗಳನ್ನು ವಿದೇಶಕ್ಕೆ ಓದಲು ಕಳಿಸುವ ಮೇಷ್ಟರಿಗೆ ಬೇಕಾದ ನೆಟ್‌ವರ್ತ್ ಸರ್ಟಿಫಿಕೇಟ್, ಎಲ್ಲದಕ್ಕೂ ಅದೇ ನಂಬರ್. ಪ್ರಾಕ್ಟೀಸಿನವರು ಫೀಸನ್ನು ಖರ್ಚಿನಲ್ಲಿ ತೋರಿಸಬಹುದು. ಜಿಎಸ್‌ಟಿ ನೋಂದಣಿ ಇದ್ದರೆ 1,260 ರೂಪಾಯಿ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಅಲ್ಲಿಗೆ ಕೈಯಿಂದ ನಿಜವಾಗಿ ಹೋಗುವುದು 7,000.

ಹುಡುಗರು ಇಲ್ಲೊಂದು ತಪ್ಪು ಮಾಡುತ್ತಾರೆ. ಪೂರ್ತಿ ಹೊತ್ತಿನ ಕೆಲಸದಲ್ಲಿದ್ದುಕೊಂಡೇ "ಇರಲಿ ಬಿಡಿ" ಅಂತ ಸಿಒಪಿ ತೆಗೆದುಕೊಳ್ಳುತ್ತಾರೆ. ಅದು ಪಾರ್ಟ್ ಟೈಮ್ ಸಿಒಪಿ. ಅದರಲ್ಲಿ ಆಡಿಟ್ ಸಹಿ ಹಾಕುವಂತಿಲ್ಲ. ಸುಮ್ನೆ ದುಡ್ಡು ಹೋಗುತ್ತದೆ.

ಇನ್‌ಸ್ಟಿಟ್ಯೂಟಿಗೆ ಫೀಸು ಕಟ್ಟಲು ಗಡುವು ಸೆಪ್ಟೆಂಬರ್ 30. ನನ್ನ ಸ್ನೇಹಿತನೊಬ್ಬ ಒಂದು ವರ್ಷ ಮರೆತ. ಸದಸ್ಯರ ಪಟ್ಟಿಯಿಂದ ಹೆಸರು ಹೋಯಿತು. ಟ್ಯಾಕ್ಸ್ ಆಡಿಟ್ ಕೆಲಸ ತುಂಬಿದ ಅಕ್ಟೋಬರ್ ಅದು. ಹೆಸರು ಮತ್ತೆ ಸೇರಿಸಿಕೊಳ್ಳುವವರೆಗೆ ಫೈಲುಗಳೆಲ್ಲ ಸಹಿ ಇಲ್ಲದೆ ಮೇಜಿನ ಮೇಲೆ ಕೂತವು. ಅದರಲ್ಲಿ ಇಬ್ಬರು ಹಳೇ ಪಾರ್ಟಿಗಳು (ಗಿರಾಕಿಗಳು) ಬೇರೆ ಆಡಿಟರ್ ಹತ್ತಿರ ಹೋದರು. ಅವರು ಕೊಡುತ್ತಿದ್ದ ಫೀಸು ಎಂಟು ಸಾವಿರಕ್ಕಿಂತ ಎಷ್ಟೋ ಜಾಸ್ತಿ.

ಇನ್ನು ಎಸಿಸಿಎ. ಭಾರತದ ಸಿಎಗಳಿಗೆ ಹದಿಮೂರು ಪೇಪರಿನಲ್ಲಿ ಒಂಬತ್ತಕ್ಕೆ ವಿನಾಯಿತಿ ಇದೆ. ಉಳಿದ ನಾಲ್ಕನ್ನು ನಾನು ಕೆಲಸ ಮಾಡುತ್ತಲೇ ಬರೆದೆ. ಐಎಫ್‌ಆರ್‌ಎಸ್, ಅಂದರೆ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳು, ನನಗೆ ನಿಜವಾಗಿ ತಲೆಗೆ ಹತ್ತಿದ್ದು ಆಗಲೇ. ಬೆಂಗಳೂರಿನ ವಿದೇಶಿ ಕಂಪನಿಯ ಇಂಟರ್‌ವ್ಯೂನಲ್ಲಿ ಅದು ಲೆಕ್ಕಕ್ಕೆ ಬಂತು, ಸಂಬಳದಲ್ಲೂ ಕಾಣಿಸಿತು. ವರ್ಷದ ಚಂದಾ ನೂರು ಪೌಂಡ್ ದಾಟುತ್ತದೆ, ನಮ್ಮ ದುಡ್ಡಿನಲ್ಲಿ ಹತ್ತು ಸಾವಿರಕ್ಕೂ ಮೇಲೆ. ಹಾವೇರಿಗೆ ಬಂದ ಮೇಲೂ ಎರಡು ವರ್ಷ ಕಟ್ಟಿದೆ. ಆ ಎರಡು ವರ್ಷ ನನ್ನ ಒಬ್ಬ ಪಾರ್ಟಿಯೂ ಅದರ ಬಗ್ಗೆ ಕೇಳಲಿಲ್ಲ. ಇಲ್ಲಿ ಕಂಪನಿ ಆಡಿಟ್‌ಗೆ ಅದರ ಮೇಲೆ ಸಹಿ ಹಾಕಲೂ ಬರುವುದಿಲ್ಲ. ಹಾಗಾಗಿ ಬಿಟ್ಟೆ. ಓದಿದ್ದಕ್ಕೆ ಬೇಸರವಿಲ್ಲ, ಬಿಟ್ಟಿದ್ದಕ್ಕೂ ಇಲ್ಲ.

ಫೀಸಿನ ಲೆಕ್ಕ ಹಾಕುವಾಗ ನಾವು ಗಂಟೆಗಳನ್ನು ಮರೆಯುತ್ತೇವೆ. ಸಿಒಪಿ ಇರುವ, ಅರವತ್ತರ ಒಳಗಿನ ಸಿಎಗೆ ಮೂರು ವರ್ಷದಲ್ಲಿ 120 ಸಿಪಿಇ (ವೃತ್ತಿಯಲ್ಲಿ ಮುಂದುವರಿದ ಕಲಿಕೆ) ಗಂಟೆ ಆಗಬೇಕು. ಎಸಿಸಿಎಗೆ ವರ್ಷಕ್ಕೆ 40 ಯೂನಿಟ್, ಅದರಲ್ಲಿ 21ಕ್ಕೆ ದಾಖಲೆ ಬೇಕು. ಒಂದೇ ಸೆಮಿನಾರ್ ಎರಡೂ ಕಡೆ ತೋರಿಸಬಹುದು, ಅದೊಂದು ಅನುಕೂಲ. ಆದರೂ ಹುಬ್ಬಳ್ಳಿಗೆ ಹೋಗಿ ಬಂದರೆ ಒಂದು ದಿನ ಆಫೀಸ್ ಬಾಗಿಲು ಹಾಕಿದ ಹಾಗೆ. ನನಗೆ ಆ ದಿನದ ಬೆಲೆ ಸೆಮಿನಾರಿನ ಫೀಸಿಗಿಂತ ಜಾಸ್ತಿ. ಅದಕ್ಕೇ ಈಗ ವಿಷಯ ನೋಡಿ ಹೋಗುತ್ತೇನೆ, ಗಂಟೆ ನೋಡಿ ಅಲ್ಲ. ಆನ್‌ಲೈನ್ ಇದ್ದರೆ ಅದೇ ಸಾಕು.

ಕಡೆಗೆ ಊರಿನ ಸಂಘ. ವರ್ಷಕ್ಕೆ ಸಾವಿರ ರೂಪಾಯಿ. ಸಿಪಿಇ ಇಲ್ಲ, ಹೆಸರಿನ ಜೊತೆ ಅಕ್ಷರ ಇಲ್ಲ. ಆದರೆ ಕೋಲ್ಡ್ ಸ್ಟೋರೇಜ್ ಬಾಡಿಗೆಗೆ ಜಿಎಸ್‌ಟಿ ಬರುತ್ತಾ ಇಲ್ವಾ ಅಂತ ನನ್ನ ಪಾರ್ಟಿಯೊಬ್ಬರಿಗೆ ನೋಟಿಸ್ ಬಂದಾಗ, ರಾತ್ರಿ ಒಂಬತ್ತಕ್ಕೆ ಫೋನ್ ಎತ್ತಿದ್ದು ಸಂಘದ ಹಿರಿಯರು. ಅಂಥದ್ದೇ ನೋಟಿಸಿಗೆ ತಾವು ಬರೆದ ಉತ್ತರದ ಪ್ರತಿಯನ್ನು ಬೆಳಿಗ್ಗೆ ಹೊತ್ತಿಗೆ ಕಳಿಸಿಕೊಟ್ಟರು. ಕಟ್ಟಿದ ರೂಪಾಯಿಗೆ ಸಿಕ್ಕ ಸಹಾಯ ನೋಡಿದರೆ ನನ್ನ ಪಟ್ಟಿಯಲ್ಲಿ ಇದೇ ಮೇಲೆ.

ಮೊನ್ನೆ ಅಕ್ಕನ ಮಗ ಬೆಂಗಳೂರಿನಿಂದ ಕೇಳಿದ: "ಮಾಮಾ, ಸಿಎ ಫೀಸು ಕಟ್ಟಿದೀನಿ, ಎಸಿಸಿಎ ಬಿಡ್ಲಾ?" ಅವನ ಕಂಪನಿ ಚಂದಾ ವಾಪಸ್ ಕೊಡುತ್ತದೆ, ಎರಡು ವರ್ಷದಲ್ಲಿ ದುಬೈಗೆ ಹೋಗುವ ಯೋಚನೆಯೂ ಇದೆ. ಬಿಡಬೇಡ ಅಂದೆ. ಸಿಒಪಿ ಮಾತ್ರ ಈಗಲೇ ತಗೋಬೇಡ, ಊರಿಗೆ ಬಂದು ಬೋರ್ಡ್ ಹಾಕುವ ದಿನ ತಗೋ ಅಂದೆ.