ನೋಟಾ ಗುಂಡಿ: ಮತದಾರನೊಬ್ಬನ ವಿಮರ್ಶೆ

ಬಹುಮತದ ಸರ್ಕಾರ ಪ್ರಜೆಗಳ ಸಮ್ಮತಿಯ ಮೇಲೆ ನಿಂತಿದೆ ಎನ್ನುವುದಾದರೆ, ಸಮ್ಮತಿ ಇಲ್ಲದವರಿಗೆ ಅದನ್ನು ತಿಳಿಸಲು ಒಂದು ದಾರಿ ಇರಲೇಬೇಕು. ನಮ್ಮಲ್ಲಿ ಆ ದಾರಿ ಮತಯಂತ್ರದ ಕಡೆಯ ಗುಂಡಿಯಾದ ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’. ಅದನ್ನು ಒತ್ತಿದ ಮತದಾರನಾಗಿ ಈ ಸೌಲಭ್ಯದ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದದ್ದು ಗೋಪ್ಯತೆ. ಹಿಂದೆ 49-ಓ ನಿಯಮದಡಿ ಮತ ಹಾಕಲು ಇಷ್ಟವಿಲ್ಲದವರು ಮತಗಟ್ಟೆಯ ಅಧಿಕಾರಿಗೆ ಹಾಗೆಂದು ತಿಳಿಸಿ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಪಕ್ಷಗಳ ಏಜೆಂಟರು ಅಲ್ಲೇ ಕುಳಿತಿರುವಾಗ, ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಹಾಗೆ ಹೇಳಲು ಎಷ್ಟು ಧೈರ್ಯ ಬೇಕಿತ್ತೆಂದು ಊಹಿಸಬಹುದು. 2013ರ ಸೆಪ್ಟೆಂಬರ್ 27ರಂದು ನೋಟಾ ಗುಂಡಿ ಇರಬೇಕೆಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ ಈ ಸ್ಥಿತಿ ಬದಲಾಯಿತು. ಈಗ ಯಾವ ಗುಂಡಿ ಒತ್ತಿದರೂ ಬೀಪ್ ಸದ್ದು ಒಂದೇ, ಹಾಕಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಏಳು ಸೆಕೆಂಡು ಕಾಣುವುದು ಮತದಾರನಿಗೆ ಮಾತ್ರ. 2015ರಲ್ಲಿ ಬಂದ, ಮತಪತ್ರದ ಮೇಲೆ ಅಡ್ಡಗೆರೆಗಳಿರುವ ಚಿಹ್ನೆಯಿಂದ ಓದು ಬಾರದವರಿಗೂ ಅನುಕೂಲವಾಗಿದೆ.

ಆದರೆ ಎಣಿಕೆಯ ಹಂತಕ್ಕೆ ಬಂದರೆ ಈ ಸೌಲಭ್ಯ ಸೋಲುತ್ತದೆ. ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆದ್ದಂತೆ. ಠೇವಣಿ ಉಳಿಯಿತೇ ಹೋಯಿತೇ ಎಂಬ ಲೆಕ್ಕಕ್ಕೂ ಆ ಮತಗಳು ಸೇರುವುದಿಲ್ಲ. 2024ರಲ್ಲಿ ಇಂದೋರಿನ ಕಾಂಗ್ರೆಸ್ ಅಭ್ಯರ್ಥಿ ಕಣದಿಂದ ಹಿಂದೆ ಸರಿದ ಮೇಲೆ 2,18,674 ಮಂದಿ ನೋಟಾ ಒತ್ತಿದರು. ಅದು ಎರಡನೆಯ ಸ್ಥಾನ ಪಡೆಯಿತು, ಅಷ್ಟೇ. ಅದೇ ವರ್ಷ ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ ಉಳಿದವರು ಹಿಂತೆಗೆದುಕೊಂಡದ್ದರಿಂದ ಬಿಜೆಪಿ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರು, ಮತದಾನವೇ ನಡೆಯಲಿಲ್ಲ. ಒಂದು ಇಡೀ ಲೋಕಸಭಾ ಕ್ಷೇತ್ರದ ಸಮ್ಮತಿಯನ್ನು ಕೇಳದೆಯೇ ಪಡೆದಂತೆ ಭಾವಿಸುವ ಈ ನಿಯಮ ನನ್ನನ್ನು ಬಹಳವಾಗಿ ಕಾಡುತ್ತದೆ.

ಗೆದ್ದವರಿಗೂ ಬಹುಪಾಲು ಮತದಾರರ ಸಮ್ಮತಿ ಇರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 2023ರಲ್ಲಿ ಕಾಂಗ್ರೆಸ್ಸಿಗೆ ಸುಮಾರು 43 ಶೇಕಡ ಮತಕ್ಕೆ 224ರಲ್ಲಿ 135 ಸ್ಥಾನಗಳು ಬಂದವು. 2018ರಲ್ಲಂತೂ ಹೆಚ್ಚು ಮತ ಪಡೆದ ಕಾಂಗ್ರೆಸ್ಸಿಗಿಂತ ಬಿಜೆಪಿಗೆ ಹೆಚ್ಚು ಸ್ಥಾನಗಳು ದಕ್ಕಿದವು. ಹೀಗಿರುವಾಗ ಒಪ್ಪದವರ ಸಂಖ್ಯೆಯಾದರೂ ಫಲಿತಾಂಶದ ಮೇಲೆ ಪರಿಣಾಮ ಬೀರಬೇಕು ಎಂಬುದು ನನ್ನ ದೃಢವಾದ ನಿಲುವು.

ಮನೆಯಲ್ಲೇ ಉಳಿಯುವವರಿಗೆ ನಾನು ಈ ಗುಂಡಿಯನ್ನು ಖಂಡಿತ ಶಿಫಾರಸು ಮಾಡುತ್ತೇನೆ, ಏಕೆಂದರೆ ಗೈರುಹಾಜರಿಯಲ್ಲಿ ವಿರೋಧ ಯಾವುದು, ಉದಾಸೀನ ಯಾವುದು ಎಂದು ಯಾರಿಗೂ ತಿಳಿಯದು. ಚುನಾವಣಾ ಆಯೋಗಕ್ಕೆ ನನ್ನ ಬೇಡಿಕೆ ಎರಡು: ಒಬ್ಬನೇ ಅಭ್ಯರ್ಥಿ ಉಳಿದರೂ ನೋಟಾದೊಡನೆ ಮತದಾನ ನಡೆಯಲಿ, ನೋಟಾ ಮುಂದಿದ್ದರೆ ಮರುಚುನಾವಣೆ ಎಂದು ಸ್ಥಳೀಯ ಸಂಸ್ಥೆಗಳಿಗಾಗಿ ಮಹಾರಾಷ್ಟ್ರ, ಹರಿಯಾಣ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ತಂದ ವ್ಯವಸ್ಥೆ ಲೋಕಸಭೆ, ವಿಧಾನಸಭೆಗಳಿಗೂ ಬರಲಿ.